ಕುಶಲಾ ಜಾಗ ಬಿಡಲಿಲ್ಲ

ಹೆಜಮಾಡಿಯ ಕುಶಲಾ ಕಾಪುವಿನ ಮಾರ್ಕೆಟ್ಟಿನಲ್ಲಿ ಮೀನು ಮಾರಲು ಕೂತದ್ದು ಮದುವೆಯಾದ ವರ್ಷವೇ. ಗಂಡ ಭುಜಂಗ ಬೋಟಿಗೆ ಹೋಗುತ್ತಿದ್ದ. ಅವಳ ಬಾಯಿಗೆ ಹೆದರಿ ಚೌಕಾಸಿ ಬಿಟ್ಟವರು ಬಹಳ ಮಂದಿ.

೧೯೯೮ರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಎಡಗಣ್ಣು ಕೆಂಪಾಗಿ, ಬೆಳಕು ಚುಚ್ಚತೊಡಗಿತು. ಮೆಡಿಕಲ್ ಶಾಪಿನ ಹನಿ ಬಿಟ್ಟಾಗ ಇಳಿಯಿತು. ಮತ್ತೆ ಕೆಂಪಾದಾಗ ಮತ್ತೆ ಅದೇ ಹನಿ. ಹೀಗೇ ವರ್ಷಗಳು ಕಳೆದವು. ಬಲಗಣ್ಣೂ ಮಂಜಾಗಿ, ಬಂಗುಡೆ ಯಾವುದು ಬೂತಾಯಿ ಯಾವುದು ಎಂದು ಮುಟ್ಟಿ ನೋಡುವಂತಾದಾಗ ಭುಜಂಗ ಅವಳನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದ.

"ಇದು ಕಣ್ಣಿನ ಒಳಗಿನ ಉರಿಯೂತ," ಎಂದರು ಡಾಕ್ಟರಮ್ಮ. "ಅಂಗಡಿಯ ಹನಿ ಬಿಡುತ್ತಾ ತಡ ಮಾಡಿದಿರಿ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಎಡಗಣ್ಣಿನ ನರ ಹೋಗಿದೆ, ಆ ದೃಷ್ಟಿ ಇನ್ನು ಬರುವುದಿಲ್ಲ. ಬಲಗಣ್ಣಲ್ಲಿ ಪೊರೆ ಉಂಟು, ತೆಗೆಯಬಹುದು. ಆದರೆ ಉರಿ ಪೂರ್ತಿ ಇಳಿದು ಕೆಲವು ತಿಂಗಳು ಕಣ್ಣು ಶಾಂತವಾಗಿರಬೇಕು."

"ಅಲ್ಲಿವರೆಗೆ ನನ್ನ ವ್ಯಾಪಾರ?"

"ಕಪ್ಪು ಕನ್ನಡಕ ಹಾಕಿ ಕೂತುಕೊಳ್ಳಿ. ಇದು ಅಂಟುವ ಕಾಯಿಲೆ ಅಲ್ಲ."

ಮಾರ್ಕೆಟ್ಟಿನವರು ನಂಬಲಿಲ್ಲ. ಗಿರಾಕಿಗಳು ದೂರದಿಂದಲೇ ತಿರುಗಿ ಹೋದರು. ಪಕ್ಕದಲ್ಲಿ ಕೂರುವ ಅಪ್ಪಿ, "ಗುಣವಾಗುವವರೆಗೆ ಮನೆಯಲ್ಲಿರು ಮಾರಾಯ್ತಿ. ನಿನ್ನಿಂದ ನನಗೂ ಗಿರಾಕಿ ಇಲ್ಲ," ಎಂದಳು.

ಕುಶಲಾ ಏಳಲಿಲ್ಲ. ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಎಳೆದು, ಕನ್ನಡಕ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನೀವು ಮೀನಿನ ಕಣ್ಣು ನೋಡಿ ತೆಗೆದುಕೊಳ್ಳುವುದಾ, ನನ್ನ ಕಣ್ಣು ನೋಡಿಯಾ? ಅಂಟುವುದಿದ್ದರೆ ಮೊದಲು ನನ್ನ ಗಂಡನಿಗೆ ಅಂಟಬೇಕಿತ್ತು. ಅವನ ಕಣ್ಣು ಸರಿ ಉಂಟು, ಹೋಗಿ ನೋಡಿ."

ಯಾರೋ ನಕ್ಕರು. ಊರಿನ ಶಾಲೆಯ ತೆರೆಸಾ ಟೀಚರ್ ಬಂದು ಒಂದು ಅಂಜಲ್ ಮೀನು ತೆಗೆದುಕೊಂಡರು. ಉಳಿದ ಮೀನು ಅವತ್ತು ಮನೆಗೇ ಹೋಯಿತು. ಮರುದಿನವೂ ಅವಳು ಅದೇ ಜಾಗದಲ್ಲಿ ಕೂತಳು, ಅದರ ಮರುದಿನವೂ.

ಉರಿ ಮತ್ತೆ ಮತ್ತೆ ಕೆರಳಿ ಆಪರೇಷನ್ ಮುಂದಕ್ಕೆ ಹೋಯಿತು. ಒಮ್ಮೆಯಂತೂ ಅವಳು ಡಾಕ್ಟರಮ್ಮನ ಹತ್ತಿರವೇ ಜಗಳವಾಡಿದಳು. ಆದರೆ ಅವರು ಬರೆದುಕೊಟ್ಟ ಹನಿ ತಪ್ಪಿಸಲಿಲ್ಲ. ಕೊನೆಗೆ ೨೦೦೨ರಲ್ಲಿ ಪೊರೆ ತೆಗೆದರು. ಬಲಗಣ್ಣಿಗೆ ಬೆಳಕು ಬಂತು. ಎಡಗಣ್ಣು ಕತ್ತಲೆಯಾಗಿಯೇ ಉಳಿಯಿತು.

"ಉರಿ ಪುನಃ ಬರಬಹುದು," ಎಂದು ಡಾಕ್ಟರಮ್ಮ ಎಚ್ಚರಿಸಿದರು.

"ಬರಲಿ. ನಾನೂ ಇಲ್ಲಿಗೆ ಬರುತ್ತೇನೆ."

ಮೂರು ವರ್ಷದ ಮೇಲೆ ಅದು ಬಂದೇ ಬಂತು. ವ್ಯಾಪಾರದ ನಡುವೆಯೇ ಬೆಳಕು ಚುಚ್ಚಿತು. ಕುಶಲಾ ಈ ಸಲ ಮೆಡಿಕಲ್ ಶಾಪಿನ ಕಡೆ ತಿರುಗಿಯೂ ನೋಡಲಿಲ್ಲ. ಬುಟ್ಟಿಯನ್ನು ಅಪ್ಪಿಯ ಕಡೆ ತಳ್ಳಿ, "ಕಡಿಮೆಗೆ ಕೊಡಬೇಡ," ಎಂದು ಹೇಳಿ ಮಣಿಪಾಲಕ್ಕೆ ಹೋಗಲು ಉಡುಪಿ ಬಸ್ಸು ಹತ್ತಿದಳು.