ಬೀಗರ ಜೊತೆ ಸೈಕಲ್ ರೇಸು

ನನ್ನ ಮಗಳ ನಿಶ್ಚಿತಾರ್ಥ ಆಗುವ ತನಕ ನಾನೂ ನಮ್ಮ ಬೀಗರೂ ಒಳ್ಳೆಯ ಸ್ನೇಹಿತರಾಗಿದ್ದೆವು. ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಅವರದು ಹರಿಹರದಲ್ಲಿ ಬೀಜ, ಗೊಬ್ಬರದ ಅಂಗಡಿ. ಐವತ್ತು ದಾಟಿದ ಮೇಲೆ ಇಬ್ಬರೂ ಒಂದೇ ಸೈಕಲ್ ಕ್ಲಬ್ ಸೇರಿ ಭಾನುವಾರ ಬೆಳಿಗ್ಗೆ ಜೊತೆಗೆ ತುಳಿಯುತ್ತಿದ್ದೆವು. ಅವರು ನನ್ನನ್ನು "ಲೇ ಕನ್ನಡಕ" ಅನ್ನುತ್ತಿದ್ದರು, ನಾನು ಅವರನ್ನು "ಲೇ ಗೊಬ್ಬರ" ಅನ್ನುತ್ತಿದ್ದೆ. ಏರಿನಲ್ಲಿ ಹಿಂದೆ ಬಿದ್ದವನನ್ನು ಮನಸ್ಸು ತುಂಬಿ ಬೈಯುವ ಹಕ್ಕು ಮುಂದಿದ್ದವನಿಗೆ ಇತ್ತು.

ಹೀಗೇ ಒಂದು ದಿನ ಬೆಣ್ಣೆದೋಸೆ ತಿನ್ನುವಾಗ ಅವರ ಮಗನ ಮಾತು ಬಂತು, ನನ್ನ ಮಗಳ ಮಾತು ಬಂತು. ಮಕ್ಕಳು ನೋಡಿ, ಮಾತಾಡಿ, ಒಪ್ಪಿಕೊಂಡರು. ನಿಶ್ಚಿತಾರ್ಥ ಮುಗಿದ ದಿನದಿಂದ ಗೊಬ್ಬರ ಹೋಗಿ ಬೀಗರಾದರು. ಮಾತಿಗೊಂದು "ರೀ" ಬಂತು. ಸೈಕಲ್ ಮೇಲೂ "ಬರ್ರಿ ಬೀಗ್ರೇ", "ನೀವು ಹೋಗ್ರಿ ಬೀಗ್ರೇ". ಬೈಗುಳ ಪೂರ್ತಿ ನಿಂತುಹೋಯಿತು. ನಿಜ ಹೇಳಬೇಕೆಂದರೆ ಭಾನುವಾರಗಳು ಸಪ್ಪೆಯಾದವು.

ಮದುವೆಗೆ ಒಂದು ತಿಂಗಳಿದ್ದಾಗ ಕ್ಲಬ್ಬಿನವರು ರೇಸು ಇಟ್ಟರು. ಮೂರು ಭಾನುವಾರ, ಮೂರು ಹಂತ. ಮೂರರ ಸಮಯವನ್ನೂ ಕೂಡಿಸಿ, ಕಡಿಮೆ ಯಾರದೋ ಅವರು ಗೆದ್ದಂತೆ. ವಯಸ್ಸಾದವರಿಗೆ ಬೇರೆ ವಿಭಾಗ. ಬೀಗರೂ ಹೆಸರು ಕೊಟ್ಟರು, ನಾನೂ ಕೊಟ್ಟೆ. ಸುದ್ದಿ ಕೇಳಿದ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ರೇಸಿಗೆ ಬೇಕಾದ್ರೆ ಹೋಗ್ರಿ. ಆದ್ರೆ ಬೀಗರನ್ನ ಹಿಂದೆ ಹಾಕಬ್ಯಾಡ್ರಿ. ನಾಳೆ ಅವರ ಮನೇಲಿ ಬಾಳಬೇಕಾದವಳು ನಮ್ಮ ಮಗಳು."

"ಸೈಕಲ್ ರೇಸಿಗೂ ಬಾಳುವೆಗೂ ಏನು ಸಂಬಂಧ?"

"ನಿಮಗೆ ಗೊತ್ತಾಗಲ್ಲ ಬಿಡ್ರಿ" ಎಂದು ಮತ್ತೆ ರೊಟ್ಟಿ ಬಡಿದಳು.

ಮೊದಲ ಹಂತ ಶಾಮನೂರಿನ ಆಚೆಗೆ. ಅಲ್ಲಿ ಗುಂಪಾಗಿ ಬಿಡುವುದಿಲ್ಲ, ಇಪ್ಪತ್ತು ಸೆಕೆಂಡಿಗೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಪ್ರತಿಯೊಬ್ಬನೂ ಒಂಟಿಯಾಗಿ ತುಳಿಯಬೇಕು. ಮುಂದೆ ಯಾರಾದರೂ ಸಿಕ್ಕರೆ ದಾಟಿ ಹೋಗಬೇಕೇ ಹೊರತು ಅವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಇದನ್ನೆಲ್ಲ ಕಾಯಲು ಕ್ಲಬ್ಬಿನ ಕಾರ್ಯದರ್ಶಿ ಇದ್ದರು. ನಿವೃತ್ತ ಪಿಟಿ ಟೀಚರ್ ಆದ ಆ ಮೇಡಂ ಕೊರಳಲ್ಲಿ ಸೀಟಿ ಹಾಕಿಕೊಂಡು ಸ್ಕೂಟರಿನಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದರು.

ನನ್ನ ಗ್ರಹಚಾರಕ್ಕೆ ನನಗಿಂತ ಮುಂಚೆ ಬಿಟ್ಟಿದ್ದು ಬೀಗರನ್ನೇ. ಅರ್ಧ ದಾರಿ ಕಳೆಯುವಷ್ಟರಲ್ಲಿ ಅವರ ಅಗಲವಾದ ಬೆನ್ನು ಕಂಡಿತು. ಇನ್ನಷ್ಟು ತುಳಿದೆ, ಬೆನ್ನು ದೊಡ್ಡದಾಯಿತು. ಕಾಲಲ್ಲಿ ಶಕ್ತಿ ಇತ್ತು, ರಸ್ತೆ ಖಾಲಿ ಇತ್ತು. ಆದರೆ ರೊಟ್ಟಿ ಹಿಟ್ಟಿನ ಕೈ ಕಣ್ಣ ಮುಂದೆ ಬಂತು. ದಾಟುವುದು ಬೇಡ ಎಂದು ಅವರ ಹಿಂದೆಯೇ ಸಭ್ಯನಾಗಿ ಉಳಿದೆ.

ಸೀಟಿ ಕೇಳಿಸಿತು. ಸ್ಕೂಟರ್ ಪಕ್ಕಕ್ಕೆ ಬಂತು.

"ಏನ್ರೀ, ಅವರ ಹಿಂದೆ ಯಾಕ ಅಡಗಿಕೊಂಡು ಹೊಂಟೀರಿ? ದಾಟ್ರಿ, ಇಲ್ಲಾ ದೂರ ಇರ್ರಿ!"

"ಮೇಡಂ, ಅವರು ನಮ್ಮ ಬೀಗರು."

"ಯಾರಾದರೇನು? ಅರ್ಧ ನಿಮಿಷ ಜಾಸ್ತಿ ನಿಮ್ಮ ಟೈಮಿಗೆ!"

ಮರ್ಯಾದೆ ಕೊಡಲು ಹೋಗಿ ಕಳ್ಳನಾದೆ. ಆ ಅರ್ಧ ನಿಮಿಷ ಸೇರಿದ್ದಕ್ಕೆ ಬೀಗರಿಗಿಂತ ಸ್ವಲ್ಪ ಹಿಂದೆ ಬಿದ್ದೆ. ಮುಗಿದ ಮೇಲೆ ಬೀಗರು ಬಂದು, "ಛೇ, ನನ್ನಿಂದ ನಿಮಗೆ ತೊಂದರೆ ಆತು" ಎಂದು ಕೈ ಹಿಡಿದುಕೊಂಡರು. ಮೊದಲಿನ ಗೊಬ್ಬರವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಎರಡನೆಯ ಹಂತ ಉದ್ದದ್ದು. ದಾವಣಗೆರೆಯಿಂದ ಹರಿಹರ, ಅಲ್ಲಿಂದ ಕಡರನಾಯಕನಹಳ್ಳಿ, ಮತ್ತೆ ವಾಪಸು. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದು. ಅವತ್ತು ಎದುರು ಗಾಳಿ ಜೋರಾಗಿತ್ತು. ಗುಂಪಿನಲ್ಲಿ ಮುಂದೆ ಇರುವವನು ಗಾಳಿ ತಿನ್ನುತ್ತಾನೆ, ಹಿಂದಿನವರು ಆರಾಮಾಗಿ ಬರುತ್ತಾರೆ. ಆದ್ದರಿಂದ ಎಲ್ಲರೂ ಸರದಿಯಲ್ಲಿ ಮುಂದೆ ಹೋಗುವುದು ವಾಡಿಕೆ.

ಬೀಗರಿಗೆ ಗಾಳಿ ತಾಗದಿರಲಿ ಎಂದು ನಾನೇ ಮುಂದೆ ಹೋದೆ. ಒಂದು ನಿಮಿಷಕ್ಕೆ ಬೀಗರು ಪಕ್ಕಕ್ಕೆ ಬಂದು, "ನೀವು ಗಾಳಿ ಹೊಡಿಸಿಕೊಂಡು ನಾನು ಹಿಂದೆ ಕೂಡ್ರೋದು ಚೆಂದ ಕಾಣಲ್ಲ, ಹಿಂದೆ ಬರ್ರಿ" ಎಂದು ಮುಂದಾದರು. "ಬ್ಯಾಡ್ರಿ ಬ್ಯಾಡ್ರಿ, ನೀವು ಹಿರಿಯರು" ಎಂದು ನಾನು ಮತ್ತೆ ಮುಂದೆ ಹೋದೆ. ಅವರು ಮತ್ತೆ ಬಂದರು. ಮದುವೆ ಊಟಕ್ಕೆ ಕೂರುವಾಗ ಎಳೆದಾಡುತ್ತೇವಲ್ಲ, ಥೇಟ್ ಹಾಗೆ. ಹೀಗೆ ಒಬ್ಬರನ್ನೊಬ್ಬರು ಉಪಚಾರ ಮಾಡುತ್ತಾ ಹರಿಹರ ದಾಟಿ ಹಿಂತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ! ಇಡೀ ಗುಂಪನ್ನು ಬಿಟ್ಟು ನಾವಿಬ್ಬರೇ ಮುಂದೆ ಬಂದಿದ್ದೆವು.

"ಬೀಗ್ರೇ, ನಾವು ಗೆಲ್ತಿದ್ದೀವಿ ಅನ್ನಿಸುತ್ತೆ" ಎಂದೆ. ಬೀಗರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅವರಿಗೂ ಹುರುಪು ಬಂತು.

ಆ ಹುರುಪು ಕಡರನಾಯಕನಹಳ್ಳಿ ತನಕ ಇತ್ತು. ಅಲ್ಲಿ ಬೀಗರ ಅಕ್ಕನ ಮನೆ ರಸ್ತೆಗೇ ಇದೆ. ಅಕ್ಕ ತುಂಬಿದ ಚೊಂಬು ಹಿಡಿದು ನಡು ರಸ್ತೆಯಲ್ಲಿ ನಿಂತಿದ್ದರು. ಜೊತೆಗೆ ಅವರ ಸೊಸೆಯರು, ಪಕ್ಕದ ಮನೆಯವರು.

"ಅಕ್ಕಾ, ರೇಸು ಐತೆ, ದಾರಿ ಬಿಡು!" ಎಂದು ಬೀಗರು ದೂರದಿಂದಲೇ ಕೂಗಿದರು.

"ರೇಸು ನಿಂದು ಕಣೋ. ಮದುಮಗಳ ಅಪ್ಪ ಮೊದಲನೇ ಸಲ ನಮ್ಮೂರಿಗೆ ಬಂದಾರೆ. ಒಳಗೆ ಬರದೆ ಹೋದ್ರೆ ಹೆಂಗೆ? ಬರ್ರಿ ಅಣ್ಣಾರೆ, ಕೂಡ್ರಿ."

ಬೇಡ ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಟ್ಟೆಯ ಮೇಲೆ ಹೆಲ್ಮೆಟ್ಟು ಇಟ್ಟು ಕೂತೆವು. ಮಜ್ಜಿಗೆ ಬಂತು, ಒಗ್ಗರಣೆ ಮಂಡಕ್ಕಿ ಬಂತು, ತುಪ್ಪ ಹಾಕಿದ ಹೋಳಿಗೆ ಬಂತು. ಒಂದಕ್ಕೆ ಬಿಡಲಿಲ್ಲ. ಬಾಯಲ್ಲಿ ಹೋಳಿಗೆ ಇರುವಾಗಲೇ ನಮ್ಮ ಗುಂಪು ಮನೆ ಮುಂದೆ ಹಾಯ್ದು ಹೋಯಿತು. ಒಬ್ಬ ಬ್ಯಾಂಕಿನವನು ಕೈ ಬೀಸಿ "ನಿಧಾನಕ್ಕೆ ಊಟ ಮಾಡ್ರಿ!" ಎಂದು ಹೋದ.

ಹೊಟ್ಟೆ ಭಾರ ಹೊತ್ತು ಮತ್ತೆ ಸೈಕಲ್ ಹತ್ತಿದೆವು. ಊರು ದಾಟಿ ಗದ್ದೆ ಬಯಲಿಗೆ ಬಂದಾಗ ಬೀಗರು ಒಮ್ಮೆಲೇ ಬ್ರೇಕ್ ಹಾಕಿದರು.

"ಲೇ ಕನ್ನಡಕ."

ಎಷ್ಟು ದಿನವಾಗಿತ್ತು ಕೇಳಿ! ನಾನೂ ನಿಂತೆ.

"ನನ್ನ ಹೆಂಡತಿ ಹೇಳ್ಯಾಳೆ, ಹೆಣ್ಣಿನ ಕಡೆಯವರಿಗೆ ಅವಮಾನ ಆಗಬಾರದು, ಅವರನ್ನ ಹಿಂದೆ ಹಾಕಬ್ಯಾಡ್ರಿ ಅಂತ. ನಿನಗೂ ನಿನ್ನ ಮನೇಲಿ ಹೇಳಿರಬೇಕು."

"ಹೇಳ್ಯಾಳೆ."

"ಹಿಂಗೇ ಆದ್ರೆ ಇಬ್ಬರೂ ಮನೆಗೆ ಹೋಗಿ ಮುಟ್ಟಲ್ಲ. ಇವತ್ತಿಂದ ಸೈಕಲ್ ಮ್ಯಾಲೆ ಬೀಗತನ ಇಲ್ಲ. ನೆಲಕ್ಕೆ ಕಾಲಿಟ್ಟ ಮೇಲೆ ಬೇಕಾದ್ರೆ ಕೈ ಮುಗಿತೀನಿ. ನೀನು ಬೇಕಂತ ಸೋತೆ ಅಂದ್ರೆ ನೋಡು, ಮದುವೇಲಿ ನಿನ್ನ ಮಾತಾಡಿಸಲ್ಲ."

"ಗೊಬ್ಬರದಂಥ ಮಾತಾಡಬ್ಯಾಡ, ತುಳಿ" ಎಂದೆ. ದಾವಣಗೆರೆ ತನಕ ಇಬ್ಬರೂ ಬೈದುಕೊಂಡೇ ತುಳಿದೆವು. ಗುಂಪು ಸಿಗಲಿಲ್ಲ, ಆದರೆ ಅಷ್ಟು ಖುಷಿಯಾಗಿ ನಾನು ಎಂದೂ ಸೈಕಲ್ ಹೊಡೆದಿರಲಿಲ್ಲ.

ಮೂರನೆಯ ಹಂತ ಊರಂಚಿನ ಹೊಸ ಬಡಾವಣೆಯೊಂದರಲ್ಲಿ ಸುತ್ತು ಹೊಡೆಯುವುದು. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿರುವ ಬಡಾವಣೆ. ಗಟ್ಟಿ ರಸ್ತೆ, ಅಡ್ಡ ಬರಲು ಎರಡು ನಾಯಿ ಬಿಟ್ಟರೆ ಯಾರೂ ಇಲ್ಲ. ಎರಡೂ ಮನೆಯವರು ನೋಡಲು ಬಂದಿದ್ದರು. ನನ್ನ ಹೆಂಡತಿಯೂ ಬೀಗಿತ್ತಿಯೂ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಮಗಳೂ ಅಳಿಯನಾಗುವ ಹುಡುಗನೂ ಮೊಬೈಲ್ ಹಿಡಿದು ನಿಂತಿದ್ದರು.

ಮೊದಲ ಮೂರು ಸ್ಥಾನ ನಮ್ಮ ಕೈಯಿಂದ ಯಾವಾಗಲೋ ಹೋಗಿತ್ತು. ಬ್ಯಾಂಕಿನವನೇ ಗೆಲ್ಲುವುದು ಖಾತ್ರಿಯಾಗಿತ್ತು. ಒಟ್ಟು ಸಮಯ ಹೇಗೇ ಇರಲಿ, ಆ ದಿನದ ನಾಲ್ಕನೆಯ ಸ್ಥಾನಕ್ಕೆ ನಾವಿಬ್ಬರೇ. ಕೊನೆಯ ಸುತ್ತಿನ ತಿರುವಿನಲ್ಲಿ ಇಬ್ಬರೂ ಪಕ್ಕಪಕ್ಕ ಇದ್ದೆವು. ಸೀಟಿನಿಂದ ಎದ್ದು ತುಳಿದೆ. ತೊಡೆ ಉರಿಯಿತು, ಬಾಯಿ ಒಣಗಿತು, ಕಣ್ಣಿಗೆ ಬೆವರು ಇಳಿದು ಸುಣ್ಣದ ಗೆರೆಯೇ ಕಾಣಲಿಲ್ಲ. ನನ್ನಲ್ಲಿದ್ದದ್ದೆಲ್ಲ ಹಾಕಿದೆ. ಆದರೂ ಗೆರೆಯ ಹತ್ತಿರ ಬೀಗರ ಮುಂದಿನ ಚಕ್ರ ನನ್ನದಕ್ಕಿಂತ ಒಂದು ಮೊಳ ಮುಂದಿತ್ತು.

ಸೋತೆ. ಪ್ರಾಮಾಣಿಕವಾಗಿ ಸೋತೆ. ಯಾರೂ ನಂಬಲಿಲ್ಲ.

ಹೆಂಡತಿ ನೀರಿನ ಬಾಟಲಿ ಕೊಡುತ್ತಾ ಮೆಲ್ಲಗೆ, "ಚೆಂದ ಮಾಡಿದ್ರಿ. ಬೇಕಂತ ಬಿಟ್ಟಿದ್ದು ಗೊತ್ತೇ ಆಗಲಿಲ್ಲ" ಎಂದಳು. ಬೀಗಿತ್ತಿ ಕೈ ಮುಗಿದು, "ನಿಮ್ಮ ದೊಡ್ಡತನ ಅಣ್ಣಾರೆ" ಎಂದರು. ಮಗಳು ಮಾತ್ರ ವಿಡಿಯೋ ನೋಡುತ್ತಾ, "ಅಪ್ಪಾ, ಮುಖದಲ್ಲಿ ಭಾಳ ಚೆನ್ನಾಗಿ ಆಕ್ಟಿಂಗ್ ಮಾಡೀಯ" ಎಂದು ನಕ್ಕಳು.

ಸಂಜೆ ಬೀಗರ ಫೋನು ಬಂತು.

"ಖರೇ ಹೇಳು. ಬಿಟ್ಟುಕೊಟ್ಯಾ?"

"ಇಲ್ಲ ಮಾರಾಯ. ಕಾಲು ಸೋತವು, ಆಣೆ ಮಾಡಲಾ?"

"ಆಣೆಗೀಣೆ ಬ್ಯಾಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲೇನು?" ಎಂದು ಇಟ್ಟುಬಿಟ್ಟರು. ಆದರೂ ಮಾತು ಬಿಡಲಿಲ್ಲ. ಮದುವೆಯಲ್ಲಿ ಜನರ ಎದುರು ಬೀಗ್ರೇ ಬೀಗ್ರೇ ಎಂದು ಓಡಾಡಿದೆವು. ಅಡುಗೆ ಮನೆ ಹಿಂದೆ ಸಿಕ್ಕಾಗ ಬೈದುಕೊಂಡೆವು.

ಫೋಟೋ ಬಂದ ಮೇಲೆ ಗೊತ್ತಾಯಿತು: ಅಕ್ಷತೆ ಹಿಡಿದು ನಿಂತ ನಮ್ಮಿಬ್ಬರದೂ ಕೈ ಮಣಿಕಟ್ಟಿನ ತನಕ ಬಿಳಿ, ಅಲ್ಲಿಂದ ಮೊಣಕೈ ತನಕ ಬಿಸಿಲಿಗೆ ಕಪ್ಪು. ಸೈಕಲ್ ಗ್ಲೌಸಿನ ಗುರುತು. ಆಲ್ಬಮ್ ನೋಡುತ್ತಿದ್ದ ನಮ್ಮ ಚಿಕ್ಕಮ್ಮ ಕನ್ನಡಕ ಏರಿಸಿ ಹತ್ತಿರದಿಂದ ನೋಡಿ ಕೇಳಿದರು: "ಗಂಡಿನ ಅಪ್ಪನಿಗೂ ನಿನಗೂ ಒಂದೇ ಥರದ ಚರ್ಮರೋಗ ಐತಲ್ಲೋ, ಮದುವೆಗೆ ಮುಂಚೆ ಯಾರೂ ವಿಚಾರಿಸಲಿಲ್ಲೇನು?"