ನನಗಾಗಿ ಕಾದ ಬಸ್ಸು

ಹೋದ ವಾರ ಕೆಲಮಂಗಲದ ಸಂತೆಯಲ್ಲಿ ಹೊಗೆಸೊಪ್ಪಿನ ಅಂಗಡಿ ದಾಟುವಾಗ ನಶ್ಯದ ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಮಗಳು ನಕ್ಕಳು. ನನಗೆ ನಮ್ಮ ಕಂಪನಿ ಬಸ್ಸಿನ ಡ್ರೈವರ್ ಮಾವ ನೆನಪಾದರು...

ಸಂಬಂಧದಲ್ಲಿ ಮಾವನೇನಲ್ಲ. ನಮ್ಮ ಬೀದಿಯವರು, ಹಾಗಾಗಿ ಮಾವ. ನಮ್ಮೂರಿನಿಂದ ಹೊಸೂರಿನ ಫ್ಯಾಕ್ಟರಿಗೆ ಹೋಗುವ ನಲವತ್ತು ಜನ ಅವರ ಕೈಯಲ್ಲಿದ್ದೆವು. ಆರೂಕಾಲು ಎಂದರೆ ಆರೂಕಾಲು. ಓಡಿ ಬರುತ್ತಿರುವವರು ಕನ್ನಡಿಯಲ್ಲಿ ಕಂಡರೂ ಬಸ್ಸು ನಿಲ್ಲುತ್ತಿರಲಿಲ್ಲ. ಯಾರು ಎಲ್ಲಿ ಕೂರಬೇಕು, ಫೋನಿನಲ್ಲಿ ಎಷ್ಟು ಜೋರಾಗಿ ಮಾತಾಡಬೇಕು, ಎಲ್ಲದಕ್ಕೂ ಅವರದೇ ಕಾನೂನು. ಬೀಡಿ, ಗುಟ್ಕಾದವರಂತೂ ಮೆಟ್ಟಿಲು ಹತ್ತುವಂತಿರಲಿಲ್ಲ. ಇಪ್ಪತ್ತು ವರ್ಷದ ನಶ್ಯವನ್ನು ಒಂದೇ ದಿನಕ್ಕೆ ಬಿಟ್ಟವನು ನಾನು, ನಿಮಗೇನು ಬಂದಿದೆ ರೋಗ ಎನ್ನುತ್ತಿದ್ದರು. ಆ ಮಾತಿಗೆ ಎದುರಾಡುವ ಮುಖ ಯಾರಿಗಿತ್ತು? ಒಳಗೊಳಗೇ ಬೈದುಕೊಂಡು ಮರ್ಯಾದೆ ಕೊಡುತ್ತಿದ್ದೆವು.

ನಮ್ಮಪ್ಪ ಅದೇ ಫ್ಯಾಕ್ಟರಿಯಲ್ಲಿ ತೋಟದ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಬೀಡಿ ಎಸೆದು ಬಸ್ಸು ಹತ್ತಿದವನನ್ನು ಮಾವ ತಡೆದರು.

“ಇಳ್ಕೊಳಣ್ಣ. ತಮ್ ಬಾಯೇ ಹಿಡಿತದಾಗಿಲ್ದೋರ್ಗೆ ನನ್ ಬಸ್ಸಾಗೆ ಜಾಗ ಇಲ್ಲ.”

ಅಪ್ಪ ತಲೆ ತಗ್ಗಿಸಿ ಇಳಿದ. ಕಿಟಕಿ ಪಕ್ಕ ಕೂತಿದ್ದ ನಾನು ಇಳಿಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಅದಾಗಿ ತಿಂಗಳೊಳಗೆ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ ಮರೆತಿದ್ದ ಕೊಡೆ ತರಲು ಹೋದೆ. ಬಸ್ಸಿನ ಹಿಂದೆ ಮಾವ ನಿಂತಿದ್ದರು. ಅಂಗೈಯಲ್ಲಿ ಪುಟ್ಟ ನಶ್ಯದ ಡಬ್ಬಿ, ಮೂಗಿನ ಹತ್ತಿರ ಎರಡು ಬೆರಳು. ನನ್ನನ್ನು ಕಂಡು ಅವರ ಮುಖ ಬಿಳುಚಿಕೊಂಡಿತು. ಯಾರಿಗೂ ಹೇಳಬೇಡ ಎನ್ನಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡರೇ ಹೆಚ್ಚು ಲಾಭ ಎಂಬ ಬುದ್ಧಿ ಎಲ್ಲಿಂದ ಬಂತೋ...

ಮರುದಿನ ಬೇಕಂತಲೇ ಹತ್ತು ನಿಮಿಷ ತಡವಾಗಿ ಹೋದೆ. ಬಸ್ಸು ಕಾದಿತ್ತು. ಅಪ್ಪನೂ ಬೀಡಿ ವಾಸನೆಯ ಸಮೇತ ಹತ್ತಿದ. ಮಾವ ರಸ್ತೆ ನೋಡುತ್ತಾ ಕೂತಿದ್ದರು. ನಾನು ಮುಂದಿನ ಸೀಟು ಹಿಡಿದೆ. ಗೆಳತಿಯರು ಬರಲಿ, ನಿಲ್ಲಿಸಿ ಎಂದರೆ ನಿಲ್ಲಿಸುತ್ತಿದ್ದರು. ನಿನ್ನ ಮಾತು ಕೇಳುತ್ತಾರಲ್ಲೇ ಎಂದು ಎಲ್ಲರೂ ನನ್ನನ್ನೇ ಹಿಡಿದುಕೊಂಡರು. ಅಪ್ಪನ ಅವಮಾನಕ್ಕಾಗಿ ಎಂದುಕೊಂಡೇ ಶುರು ಮಾಡಿದ್ದೆ. ಸುಳ್ಳೇಕೆ, ನನಗದು ಬಲು ರುಚಿಸಿತು.

ಬಸ್ಸು ದಿನಾ ತಡವಾಗತೊಡಗಿತು. ಕಂಪನಿಯವರು ಎರಡು ಸಲ ಎಚ್ಚರಿಸಿದರು. ಮೂರನೆಯ ಸಲ ಮಾವನ ಕೈಯಿಂದ ಬಸ್ಸು ಕಿತ್ತುಕೊಂಡರು. ಯಾಕೆ ತಡ ಎಂದು ಕೇಳಿದ್ದಕ್ಕೆ, ವಯಸ್ಸಾಯಿತು ಅಂದರಂತೆ. ನನ್ನ ಹೆಸರು ಹೇಳಲಿಲ್ಲ.

ಒಂದು ಸಲ ಹೋಗಿ ತಪ್ಪಾಯಿತು ಮಾವ ಎನ್ನಬೇಕು ಎಂದುಕೊಳ್ಳುತ್ತಲೇ ವರ್ಷಗಳನ್ನು ಕಳೆದೆ. ಮಾವ ತೀರಿಕೊಂಡು ಈಗ ಎರಡು ವರ್ಷ.

ಸಂತೆಯಿಂದ ಬಂದ ಸಂಜೆ ಅವರ ಮನೆಗೆ ಹೋದೆ. ಮಾವನ ಹೆಂಡತಿ, ನಮ್ಮ ಬಾಯಲ್ಲಿ ಅತ್ತೆ, ಸೊಸೆಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು. ಇವತ್ತಾದರೂ ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕೈ ಹಿಡಿದುಕೊಂಡರು.

“ನಿನ್ ಕಂಡ್ರೆ ಅವ್ರಿಗೆ ಬೋ ಮರ್ಯಾದೆ ಕಣವ್ವ. ನೀನು ಬೀದಿಯಾಗೆ ಬತ್ತಿದ್ದೀಯ ಅಂದ್ರೆ ಸಾಕು, ಜಗ್ಲಿ ಮ್ಯಾಲಿಂದ ಎದ್ದು ಒಳೀಕೆ ಹೋಗ್ಬುಡೋರು.”

ಹೌದತ್ತೆ, ಎಂದೆ.