ಅಂಗೈಯಲ್ಲಿ ಒಂದು ಚಿಟಿಕೆ ಹಿಟ್ಟು

ಅವರ ಕಣ್ಣಿನ ರೆಪ್ಪೆಗಳು ಬೆಳ್ಳಗಿದ್ದವು. ಹುಬ್ಬು, ಕಿವಿಯ ಮೇಲಿನ ಕೂದಲು, ಮುಂಗೈ ಎಲ್ಲವೂ ಬೆಳ್ಳಗೆ. ಮೊದಲ ಸಲ ನೋಡಿದಾಗ, ಎಂಬತ್ತು ದಾಟಿದ ಮುದುಕರು ಇಷ್ಟು ದೊಡ್ಡ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತುತ್ತಾರಲ್ಲ ಎಂದು ಬೆರಗಾಗಿದ್ದೆ. ಆಮೇಲೆ ಗೊತ್ತಾಯಿತು, ಅವರಿಗಿನ್ನೂ ಐವತ್ತೈದೂ ಆಗಿರಲಿಲ್ಲ, ಅದೆಲ್ಲ ಬರೀ ಹಿಟ್ಟು. ಕತ್ರಿಗುಪ್ಪೆಯಲ್ಲಿ ಹಿಟ್ಟಿನ ಮಿಷನ್ನು ಇಟ್ಟುಕೊಂಡಿದ್ದವರು ಅವರು. ಮಿಷನ್ ಯಜಮಾನರು ಎಂದೇ ಎಲ್ಲರೂ ಕರೆಯುತ್ತಿದ್ದೆವು. ಹೆಸರು ಕೇಳಬೇಕೆಂದು ನನಗಂತೂ ಅನ್ನಿಸಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾಗಿ ಅಲ್ಲಿಗೆ ಬಂದ ನಾನು ಹತ್ತಿರದ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಒಂದು ಕಡೆ ಹೊಸ ಸೈಟುಗಳಿಗೆ ಕಲ್ಲು ನೆಟ್ಟಿದ್ದರೆ ಇನ್ನೊಂದು ಕಡೆ ಇನ್ನೂ ರಾಗಿ ಹೊಲ. ಹಳೇ ಊರಿನವರೂ ಲೇಔಟಿನವರೂ ಒಟ್ಟಿಗೆ ನಿಲ್ಲುತ್ತಿದ್ದ ಜಾಗವೆಂದರೆ ಆ ಮಿಷನ್ನೊಂದೇ. ಯಜಮಾನರದು ಹಳೇ ಊರು. ಹಗಲೆಲ್ಲ ಮಿಷನ್ನಿನ ಸದ್ದಿನಲ್ಲೇ ಇದ್ದು ಇದ್ದು ಕಿವಿ ಅರ್ಧ ಹೋಗಿತ್ತು. ಹಾಗಾಗಿ ಅವರ ಮಾತೆಲ್ಲ ಕೂಗು. ಅವರು ಗುಟ್ಟು ಹೇಳಿದರೆ ಹೊಸಕೆರೆಹಳ್ಳಿಗೆ ಕೇಳಿಸುತ್ತಿತ್ತು.

ಆ ಮಿಷನ್ನನ್ನು ನಡೆಸುತ್ತಿದ್ದವರು ನಿಜವಾಗಿ ಅವರ ಹೆಂಡತಿ. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಅವರು ಕೂತಿರುವುದು, ಒಳಗೆ ಯಜಮಾನರು ಕಾಳು ಸುರಿಯುವುದು. ಮೊದಲು ಅಕ್ಕಿ, ಆಮೇಲೆ ಗೋಧಿ, ಕಡೆಗೆ ರಾಗಿ. ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಸ್ವಲ್ಪ ಉಳಿಯುತ್ತದಲ್ಲ, ಯಾರದರ ಮೇಲೆ ಯಾರದು ಬೀಳಬೇಕು ಎಂಬುದು ಅಕ್ಕನ ಲೆಕ್ಕ. ಸದ್ದಿನಲ್ಲಿ ಮಾತು ಕೇಳದು. ಅದಕ್ಕೆ ಅವರಿಬ್ಬರದೇ ಒಂದು ಕೈಭಾಷೆ. ಎರಡು ಬೆರಳು ತಿಕ್ಕಿದರೆ ನುಣ್ಣಗೆ, ಮುಷ್ಟಿ ಹಿಡಿದರೆ ತರಿತರಿ, ಅಂಗೈ ಎತ್ತಿದರೆ ನಿಲ್ಲಿಸು. ಡಬ್ಬಗಳ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ. ಸೊಟ್ಟ ಮುಚ್ಚಳದ್ದು ಯಾರದು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ ಯಾರದು ಎಂದು ಅಕ್ಕ ಮಕ್ಕಳನ್ನು ಗುರುತು ಹಿಡಿದ ಹಾಗೆ ಹೇಳುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ಯಾರ ಹಿಟ್ಟೇ ಆಗಲಿ, ಅರ್ಧ ಬಿದ್ದ ಮೇಲೆ ಯಜಮಾನರು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಾಗಿಲಿಗೆ ಬರುತ್ತಿದ್ದರು. ಅಕ್ಕ ಆ ಅಂಗೈ ಮೇಲೇ ಬೆರಳಿಂದ ತಿಕ್ಕಿ ನೋಡಿ ತಲೆಯಾಡಿಸಬೇಕು. ಆಮೇಲೇ ಉಳಿದದ್ದು. ದಿನಕ್ಕೆ ಐವತ್ತು ಅರವತ್ತು ಸಲ. ನಾನು ಬಾಯಿ ಸುಮ್ಮನಿರದೆ ಒಂದು ದಿನ, "ಅಕ್ಕಾ, ಯಜಮಾನ್ರಿಗೆ ನಿಮ್ಮ ಕೈ ಮುಟ್ಟೋಕೆ ಒಳ್ಳೇ ನೆಪ" ಎಂದೆ. ಅಕ್ಕನ ಮುಖ ಕೆಂಪಾಯಿತು.

"ಮೂವತ್ತು ವರ್ಷ ಆಯ್ತು ಕೈ ಹಿಡ್ದು. ಇನ್ನು ನೆಪ ಯಾಕೆ ಬೇಕು, ಸುಮ್ಕಿರಿ ಟೀಚರಮ್ಮ!"

ಒಳಗಿನಿಂದ ಯಜಮಾನರು, "ಏನಂತೆ?" ಎಂದು ಕೂಗಿದರು. ಸರದಿಯಲ್ಲಿದ್ದವರೆಲ್ಲ ನಕ್ಕೆವು. ಏನೆಂದು ಯಾರೂ ಹೇಳಲಿಲ್ಲ. ಅವರೂ ನಕ್ಕರು.

ಅಕ್ಕನಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಸ್ಪತ್ರೆ ಎಲ್ಲ ಆಗಿ ಎರಡು ವಾರದಲ್ಲಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆಯ ಬೆಳಿಗ್ಗೆಯೇ ಮಿಷನ್ನಿನ ಸದ್ದು ಕೇಳಿತು. "ಪರವಾಗಿಲ್ಲ, ಗಟ್ಟಿ ಮನುಷ್ಯ" ಎಂದುಕೊಂಡೆವು. ಹೋಗಿ ನೋಡಿದರೆ ಗೊತ್ತಾಗುತ್ತಿತ್ತು ಎಷ್ಟು ಗಟ್ಟಿ ಎಂದು. ಅರ್ಧ ಬೀಸಿದ ಮೇಲೆ ಅವರು ಎಂದಿನಂತೆ ಚಿಟಿಕೆ ಹಿಟ್ಟು ಹಿಡಿದು ಬಾಗಿಲಿಗೆ ಬರುವರು. ಅಲ್ಲಿ ಬರೀ ಸ್ಟೂಲು. ಅಂಗೈ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುವರು. ಸರದಿಯಲ್ಲಿದ್ದ ಹೆಂಗಸರು ತಲೆ ತಗ್ಗಿಸುತ್ತಿದ್ದೆವು. ಡಬ್ಬಗಳು ಅದಲುಬದಲಾಗುತ್ತಿದ್ದವು. ಒಬ್ಬರ ಗೋಧಿ ಇನ್ನೊಬ್ಬರ ಮನೆಗೆ ಹೋಗುವುದು, ಅಕ್ಕಿ ಹಿಟ್ಟಿನಲ್ಲಿ ರಾಗಿ ಕಾಣುವುದು. ಪಾಪ ಎಂದು ಎಲ್ಲರೂ ಸುಮ್ಮನಿದ್ದರು. ನಾನೂ ಇದ್ದೆ, ನನ್ನ ಮಗುವಿನ ಸರದಿ ಬರುವವರೆಗೆ.

ಮಗಳಿಗೆ ಆಗ ಏಳು ತಿಂಗಳು. ರಾಗಿ ಸರಿ ಶುರು ಮಾಡೋಣವೆಂದು ಅತ್ತೆ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಕೊಟ್ಟಿದ್ದರು. ಬೀಸಿಸಿಕೊಂಡು ಬಂದು ಸರಿ ಕಾಯಿಸಿ ಮೊದಲ ತುತ್ತು ಬಾಯಿಗಿಟ್ಟೆ, ಅಷ್ಟೆ. ಮಗು ಉಸಿರು ಕಟ್ಟುವ ಹಾಗೆ ಕಿರುಚಿಕೊಂಡಿತು. ತುಟಿಯೆಲ್ಲ ಕೆಂಪು. ಅತ್ತೆ ನಾಲಗೆಗೆ ಹಚ್ಚಿ ನೋಡಿ, "ಅಯ್ಯೋ, ಖಾರ ಕಣೇ!" ಎಂದರು.

ನನಗೆ ಕೋಪ ಬಂದರೆ ಹಿಂದೆ ಮುಂದೆ ಕಾಣುವುದಿಲ್ಲ. ಡಬ್ಬ ಎತ್ತಿಕೊಂಡು ಮಿಷನ್ನಿಗೆ ಓಡಿದೆ. ಹತ್ತು ಜನ ನಿಂತಿದ್ದರು. ಅವರೆಲ್ಲರ ಎದುರಿಗೇ ಕೂಗಾಡಿದೆ.

"ಕಣ್ಣು ಕಾಣಲ್ವೇನ್ರೀ ನಿಮ್ಗೆ? ಹಾಲುಗೂಸಿಗೆ ತಿನ್ನಿಸೋ ಹಿಟ್ಟಿಗೆ ಖಾರ ಬೆರೆಸಿ ಕೊಡ್ತೀರಲ್ಲ! ಅಕ್ಕ ಇದ್ದಿದ್ರೆ ಹೀಗಾಗ್ತಿತ್ತಾ? ಕೈಲಾಗಲ್ಲ ಅಂದ್ರೆ ಮುಚ್ಚಿಬಿಡಿ ಮಿಷನ್ನು!"

ಅಷ್ಟೂ ಅವರಿಗೆ ಕೇಳಿಸಿತು. ನನ್ನ ಡಬ್ಬಕ್ಕೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಆಮೇಲೆ ಒಳಗೆ ಹೋಗಿ ಸ್ವಿಚ್ಚು ಆರಿಸಿದರು. ಬೀಸದೆ ಉಳಿದ ಡಬ್ಬಗಳನ್ನು ಒಂದೊಂದಾಗಿ ತಂದು ಜಗಲಿ ಮೇಲಿಟ್ಟು, ಬಾಗಿಲು ಎಳೆದು ಬೀಗ ಹಾಕಿದರು.

ಮಾರನೆಯ ದಿನ ಬಾಗಿಲು ತೆಗೆಯಲಿಲ್ಲ. ಆ ವಾರ ತೆಗೆಯಲಿಲ್ಲ. ಅವರ ತಂಗಿಯ ಮನೆಯಿಂದ ಬಂದ ಮುದ್ದೆ ಹಾಗೇ ತಣ್ಣಗಾಗಿ ವಾಪಸ್ಸು ಹೋಗುತ್ತದಂತೆ, ಮುಚ್ಚಿದ ಬಾಗಿಲ ಎದುರು ಬೆಳಗಿಂದ ಸಂಜೆಯವರೆಗೆ ಕೂತಿರುತ್ತಾರಂತೆ ಎಂಬ ಸುದ್ದಿ ಬಂತು. ಅಕ್ಕನ ತಮ್ಮ ವಸಂತಪುರದ ಒಬ್ಬರಿಗೆ ಮಿಷನ್ನು ಮಾರಿಸಲು ಮಾತಾಡಿದ್ದಾರೆ, ಅಮಾವಾಸ್ಯೆ ಕಳೆದ ಮೇಲೆ ಬಂದು ಬಿಚ್ಚಿಕೊಂಡು ಹೋಗುತ್ತಾರೆ ಎಂದೂ ಕೇಳಿದೆ. ಸೊಪ್ಪು ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಳಿಸುತ್ತಾ ಹೇಳಿದರು: "ನೀನು ಮುಚ್ಚು ಅಂದೆ, ಮುಚ್ದ ಕಣವ್ವ."

ಮನೆಯಲ್ಲಿ ಅತ್ತೆ ಅದಕ್ಕಿಂತ ಖಾರವಾಗಿದ್ದರು. "ಮಗೂದು ಬಾಯಿ ಎರಡು ದಿನಕ್ಕೆ ವಾಸಿ ಆಯ್ತು. ನಿಂದು ಯಾವಾಗ ವಾಸಿ ಆಗುತ್ತೆ?" ಎಂದರು. ಆಡಿದ ಮಾತುಗಳಲ್ಲಿ ಮಿಕ್ಕದ್ದನ್ನು ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು. 'ಅಕ್ಕ ಇದ್ದಿದ್ರೆ' ಎಂದದ್ದನ್ನು ಏನು ಮಾಡಿದರೂ ಆಗುತ್ತಿರಲಿಲ್ಲ. ಮತ್ತೆ ರಾಗಿ ನೆನೆಹಾಕಿದೆ.

ಅಮಾವಾಸ್ಯೆಗೆ ಇನ್ನು ಮೂರು ದಿನವಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಸೊಂಟದ ಮೇಲೆ ಮಗು, ಕೈಯಲ್ಲಿ ಡಬ್ಬ ಹಿಡಿದು ಹೋದೆ. ಯಜಮಾನರು ಜಗಲಿ ಮೇಲಿದ್ದರು. ಗಡ್ಡ ಬೆಳೆದಿತ್ತು. ಮೈಮೇಲೆ ಹಿಟ್ಟಿಲ್ಲದೆ ಗುರುತೇ ಸಿಗಲಿಲ್ಲ. ರೆಪ್ಪೆ ನೋಡುವಷ್ಟು ಹೊತ್ತು ಅವರು ಮುಖ ಎತ್ತಲೂ ಇಲ್ಲ.

"ಯಜಮಾನ್ರೇ, ರಾಗಿ ತಂದಿದ್ದೀನಿ" ಎಂದು ಗಟ್ಟಿಯಾಗಿ ಹೇಳಿದೆ.

"ಹೊಸಕೆರೆಹಳ್ಳಿಗೆ ಹೋಗಮ್ಮ. ಇದು ಮಾರಾಟಕ್ಕೆ ಹೋಯ್ತು."

"ಇನ್ನೂ ಹೋಗಿಲ್ವಲ್ಲ."

ಅವರು ಮಗುವಿನ ಬಾಯನ್ನೇ ನೋಡುತ್ತಿದ್ದರು. ಆಮೇಲೆ, ನಾನು ಕೇಳದೆಯೇ ಹೇಳಿದರು. ಹಿಟ್ಟು ಹಾರದಿರಲೆಂದು ಮಿಷನ್ನಿನ ಬಾಯಿಗೆ ಬಟ್ಟೆಯ ತೋಳು ಕಟ್ಟುತ್ತಾರಲ್ಲ, ಅವನ್ನು ಅಕ್ಕ ತಮ್ಮ ಹಳೇ ಸೀರೆಗಳಲ್ಲಿ ಹೊಲಿಯುತ್ತಿದ್ದರು. ಹಿಟ್ಟಿನ ಮಿಷನ್ನಿಗೆ ಬಿಳಿ. ಮೂಲೆಯಲ್ಲಿದ್ದ ಖಾರದ ಪುಡಿಯ ಸಣ್ಣ ಮಿಷನ್ನಿಗೆ, ಕಲೆ ಕಾಣದಿರಲೆಂದು, ಕೆಂಪು.

"ಆ ಕೆಂಪು ಸೀರೇನ ನಾನೇ ತಂದ್ಕೊಟ್ಟಿದ್ದು ಟೀಚರಮ್ಮ, ಚಿಕ್ಕಪೇಟೆಯಿಂದ. ಅವ್ಳು ಹೋದ್ಮೇಲೆ ಅದನ್ನ ಖಾರದ ಬಾಯಿಗೆ ಕಟ್ಟೋಕೆ ಮನಸ್ಸು ಬರ್ಲಿಲ್ಲ. ಉರಿಯುತ್ತೇನೋ ಅನ್ನಿಸ್ತು. ನಾಲ್ಕು ನೀರಲ್ಲಿ ಒಗ್ದು ಅವತ್ತೇ ಈ ಕಡೆ ಕಟ್ಟಿದ್ದೆ. ಖಾರ ಒಗೆದ್ರೆ ಹೋಗಲ್ಲ ಅಂತ ಅವ್ಳಿಗೆ ಗೊತ್ತಿತ್ತು. ನಂಗೆ ಗೊತ್ತಾಗ್ಲಿಲ್ಲ."

ಇಷ್ಟನ್ನೂ ಅವರು ಕೂಗಿಯೇ ಹೇಳಿದರು, ಬೀದಿಗೆಲ್ಲ ಕೇಳುವಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಬಾಗಿಲು ತೆಗೀರಿ" ಎಂದೆ.

"ಇನ್ನೊಂದ್ಸಲ ಹಂಗೇ ಆದ್ರೆ? ಸರಿಯಾಯ್ತೋ ಇಲ್ವೋ ಅಂತ ನೋಡೋರು ಯಾರು?"

"ನಾನು ನೋಡ್ತೀನಿ."

ಬೀಗ ತೆಗೆದರು. ಆ ಸ್ಟೂಲಿನ ಮೇಲೆ ಬೇರೆ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ. ಮಗುವನ್ನು ತೊಡೆ ಮೇಲಿಟ್ಟುಕೊಂಡು ಕೂತುಬಿಟ್ಟೆ. ಅವರು ಒಂದು ಗಳಿಗೆ ನೋಡಿ ಒಳಗೆ ಹೋದರು. ಕೆಂಪು ಬಟ್ಟೆ ಬಿಚ್ಚಿ, ಮಡಿಸಿ, ಗೋಡೆಯ ಗೂಡಿನಲ್ಲಿಟ್ಟು, ಹೊಸ ಬಿಳಿ ಬಟ್ಟೆ ಕಟ್ಟಿದರು. ಮೊದಲು ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ಶುದ್ಧ ಮಾಡಿದರು. ಆಮೇಲೆ ರಾಗಿ.

ಸ್ವಲ್ಪ ಹೊತ್ತಿಗೆ ಚಿಟಿಕೆ ಹಿಟ್ಟು ಹಿಡಿದು ಬಾಗಿಲಿಗೆ ಬಂದರು. ಅಂಗೈ ಚಾಚಿದವರು, ಎದುರಿಗಿರುವುದು ನಾನು ಎಂದು ಕಂಡು ಮುಷ್ಟಿ ಮುಚ್ಚಿಕೊಂಡರು. ತಿರುಗಿ ಒಳಗೆ ಹೋಗಿ, ಹಿಟ್ಟನ್ನು ಡಬ್ಬದ ಮುಚ್ಚಳದ ಮೇಲೆ ಹಾಕಿಕೊಂಡು ಬಂದರು. ಸರಿಯೇ ಅಲ್ಲವೇ? ಅಂಗೈ ಅಕ್ಕನದು. ನನಗೆ ಮುಚ್ಚಳ.

ತಿಕ್ಕಿ ನೋಡಿದೆ, ನುಣ್ಣಗಿತ್ತು. ನಾಲಗೆಗೆ ಹಚ್ಚಿಕೊಂಡೆ. ಆಮೇಲೆ ಬೆರಳ ತುದಿಯಷ್ಟು ಮಗಳ ನಾಲಗೆಗೆ ಹಚ್ಚಿದೆ. ಯಜಮಾನರು ಉಸಿರು ಬಿಗಿಹಿಡಿದು ನಿಂತಿದ್ದರು. ಮಗು ಎರಡು ಸಲ ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆಯಿತು.

ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ಅವರ ಅಳುವೂ ಅವರ ಮಾತಿನಂತೆಯೇ, ದೊಡ್ಡದು. ಮಿಷನ್ನಿನ ಸದ್ದು ಕೇಳಿ ಆಗಲೇ ನಾಲ್ಕಾರು ಜನ ಡಬ್ಬ ಹಿಡಿದು ಬಂದಿದ್ದರು. ಏನು ಮಾಡುವುದೆಂದು ತೋಚದೆ ನಿಂತರು. ಕಾಳು ಮುಗಿದು ಮಿಷನ್ನಿನ ಸದ್ದು ಬದಲಾಯಿತು. ಸೊಪ್ಪಿನ ಅಜ್ಜಿ ಜೋರಾಗಿ ಗದರಿದರು: "ಏ ಯಜಮಾನ, ಕಲ್ಲು ಖಾಲಿ ತಿರುಗ್ತಾ ಐತೆ! ತಿಂದ್ಹಾಕುತ್ತೆ, ಏಳಪ್ಪೋ!" ಕಾಳಿಲ್ಲದೆ ತಿರುಗಿದರೆ ಕಲ್ಲು ಒಂದನ್ನೊಂದು ತಿನ್ನುತ್ತದೆ. ಅವರು ತಟ್ಟನೆ ಎದ್ದು, ಅಳುತ್ತಲೇ, ಕೈಗೆ ಸಿಕ್ಕಿದ ಮೊದಲ ಡಬ್ಬ ತೆಗೆದು ಸುರಿದರು. ಆಮೇಲೆ ಇನ್ನೊಂದು. ಮಧ್ಯಾಹ್ನದವರೆಗೆ ನಿಲ್ಲಿಸಲಿಲ್ಲ. ಅಮಾವಾಸ್ಯೆ ಕಳೆದು ಬಂದ ವಸಂತಪುರದವರಿಗೆ ಖಾರದ ಮಿಷನ್ನನ್ನು ಮಾತ್ರ ಕೊಟ್ಟು ಕಳಿಸಿದರು.

ಅಲ್ಲಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಬಾಗಿಲು ತೆಗೆಯುತ್ತಲೇ ಇರಲಿಲ್ಲ. ಯಾರಾದರೂ ಹೋಗಿ ಬಾಗಿಲು ಬಡಿದು, "ಮನೇಲಿ ಹಿಟ್ಟಿಲ್ಲ, ಏಳಿ" ಎಂದು ಸುಳ್ಳು ಹೇಳಿ ಎಬ್ಬಿಸಬೇಕಿತ್ತು. ಭಾನುವಾರ ಸ್ಟೂಲಿನ ಮೇಲೆ ನಾನು, ಮಿಕ್ಕ ದಿನ ಸರದಿಗೆ ಬಂದವರು ಯಾರೋ ಒಬ್ಬರು. ಎಲ್ಲರಿಗೂ ಮುಚ್ಚಳದ ಮೇಲೇ ಹಿಟ್ಟು. ಡಬ್ಬಗಳಿಗೆ ಬಣ್ಣದಲ್ಲಿ ಹೆಸರು ಬರೆದುಕೊಡುತ್ತೇನೆಂದರೆ, "ಬ್ಯಾಡ ಟೀಚರಮ್ಮ. ಅವ್ಳಿಗೆ ಗೊತ್ತಾಗ್ತಿತ್ತು, ನಂಗೂ ಗೊತ್ತಾಗ್ಬೇಕು" ಎಂದರು. ವರ್ಷ ಹಿಡಿಯಿತು, ಆದರೆ ಕಲಿತರು. "ಬಿಸಿ ಹಿಟ್ಟಿಗೆ ಮುಚ್ಚಳ ಹಾಕ್ಬೇಡಿ, ಬೆವರುತ್ತೆ" ಎಂಬ ಅಕ್ಕನ ಮಾತನ್ನೂ ಪ್ರತಿಯೊಬ್ಬರಿಗೂ ಕೂಗಿ ಹೇಳತೊಡಗಿದರು. ಆ ದಿನದ ನನ್ನ ಮಾತಿಗೆ ಎಷ್ಟೋ ಸಲ ಕ್ಷಮೆ ಕೇಳಲು ಹೋದೆ. ಶುರು ಮಾಡಿದರೆ ಸಾಕು, ಕಿವಿಗೆ ಕೈ ಇಟ್ಟು "ಏನಂದ್ರಿ? ಕೇಳಿಸ್ಲಿಲ್ಲ" ಎನ್ನುವರು. ಮಿಷನ್ನು ನಿಂತಿರುವಾಗಲೂ ಕೇಳಿಸುತ್ತಿರಲಿಲ್ಲ ಎಂದರೆ ನಂಬುವಷ್ಟು ದಡ್ಡಿ ನಾನಲ್ಲ.

ಮಗಳಿಗೆ ನಾಲ್ಕು ವರ್ಷವಾದಾಗ ಸ್ಟೂಲಿಗೆ ಅವಳೇ ಒಡತಿಯಾದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ದಿನ ಯಜಮಾನರು ಏನೋ ಯೋಚನೆಯಲ್ಲಿ ಮುಚ್ಚಳ ಮರೆತು ಅಂಗೈ ಚಾಚಿಕೊಂಡು ಬಂದುಬಿಟ್ಟರು. ಅವಳು ಅದರ ಮೇಲೆ ಪುಟ್ಟ ಬೆರಳಿಟ್ಟು ತಿಕ್ಕಿ, ದೊಡ್ಡವರ ಹಾಗೆ ತಲೆಯಾಡಿಸಿ, "ನುಣ್ಣಗಿದೆ ತಾತ!" ಎಂದು ಕೂಗಿದಳು. ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಬೀದಿಯ ಕಡೆ ಮುಖ ತಿರುಗಿಸಿದೆ. ಅಂದಿನಿಂದ ಅವಳಿಗೆ ಮಾತ್ರ ಅಂಗೈ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊಲಗಳೆಲ್ಲ ಮನೆಗಳಾಗಿ, ಅಂಗಡಿಗಳಿಗೆ ಪ್ಯಾಕೆಟ್ ಹಿಟ್ಟು ಬಂದಿತ್ತು. ಮಿಷನ್ನು ಮಾತ್ರ ನಡೆಯುತ್ತಲೇ ಇತ್ತು. ಒಂದು ಬೆಳಿಗ್ಗೆ ಸದ್ದು ಕೇಳಲಿಲ್ಲ. ಬಾಗಿಲು ಬಡಿದು ಎಬ್ಬಿಸಲು ಹೋದವರು, ಮಲಗಿದಲ್ಲೇ ಹೋಗಿದ್ದಾರೆ ಎಂಬ ಸುದ್ದಿ ತಂದರು.

ಸ್ನಾನ ಮಾಡಿಸಿ ಜಗಲಿ ಮೇಲೆ ಮಲಗಿಸಿದ್ದರು. ಹತ್ತಿರ ಹೋಗಿ ನೋಡಿದೆ. ಕಣ್ಣಿನ ರೆಪ್ಪೆಗಳು ಅಚ್ಚ ಕಪ್ಪಗಿದ್ದವು. ಇಷ್ಟು ವರ್ಷದಲ್ಲಿ ಅದು ನನಗೆ ಗೊತ್ತೇ ಇರಲಿಲ್ಲ. ಈಗಲಾದರೂ ಕ್ಷಮೆ ಕೇಳೋಣವೆಂದು ಬಗ್ಗಿದೆ.

ಅಷ್ಟರಲ್ಲಿ ಮಗಳು ಮಿಷನ್ನಿನ ಒಳಗೆ ಹೋಗಿ ಬಂದಳು. ಅವಳಿಗೀಗ ಹತ್ತು ವರ್ಷ. ಯಾರನ್ನೂ ಕೇಳದೆ ಹತ್ತಿರ ಹೋಗಿ ಅವರ ಬಲಗೈ ಬಿಡಿಸಿ, ಅಂಗೈ ಮೇಲೆ ಒಂದು ಚಿಟಿಕೆ ಹಿಟ್ಟು ಹಾಕಿದಳು. ಹಿರಿಯರೊಬ್ಬರು ಏನೋ ಹೇಳಲು ಹೋದರು. "ಬಿಡ್ರಪ್ಪ" ಎಂದರು ಯಜಮಾನರ ತಂಗಿ. ಮಗಳು ಬೆರಳಿಂದ ತಿಕ್ಕಿ ನೋಡಿ ತಲೆಯಾಡಿಸಿದಳು. ತಾತನಿಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು:

"ನುಣ್ಣಗಿದೆ ತಾತ!"